ಕರೆಂಟು ಹೋದ ದಿನಗಳಿಗೆ: ಸೌರಫಲಕವೋ, ಹಗ್ಗ-ಕೊಡವೋ?

ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಿನ ಹಳ್ಳಿಗಳಲ್ಲಿ ತರಬೇತಿಗೆಂದು ಹೋದಾಗ ರೈತ ಬಾಂಧವರು ಈಚೆಗೆ ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಹೋದರೆ ಮನೆಯಲ್ಲಿ ಕುಡಿಯುವ ನೀರಿಗೂ ಕಷ್ಟ. ಸೋಲಾರ್ ಹಾಕಿಸಿಬಿಡೋಣವೇ? ಅಥವಾ ನಮ್ಮ ಅಪ್ಪ-ಅಜ್ಜಂದಿರ ಹಾಗೆ ಬಾವಿ, ಸೌದೆ, ದೀಪ ಅಂತ ಇದ್ದುಬಿಡುವುದೇ ಮೇಲೋ?" ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಸಾಧ್ಯವಿಲ್ಲ. ಆದರೆ ಕಾಗದ-ಪೆನ್ಸಿಲ್ ಹಿಡಿದು ಅರ್ಧ ಗಂಟೆ ಲೆಕ್ಕ ಹಾಕಿದರೆ ನಿಮ್ಮ ಮನೆಗೆ ಯಾವುದು ತಕ್ಕದ್ದು ಎಂಬುದನ್ನು ನೀವೇ ತೀರ್ಮಾನಿಸಬಹುದು. ಆ ಲೆಕ್ಕವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ವಿದ್ಯುತ್ತಿನ ತವರಿನಲ್ಲಿ ಕತ್ತಲೆ

ನಮ್ಮ ಜಿಲ್ಲೆ ವಿದ್ಯುತ್ತಿನ ತವರು. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಇಷ್ಟಿದ್ದರೂ ನಮ್ಮ ಮನೆಗೆ ಬರುವ ವಿದ್ಯುತ್ತು ಕಾಡು, ತೋಟ, ಗದ್ದೆಗಳನ್ನು ದಾಟಿ ತಂತಿಯ ಮೇಲೆಯೇ ಬರಬೇಕು. ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ, ಅಥವಾ ಊರಿನ ಟಿ.ಸಿ. ಸುಟ್ಟರೆ, ಜೋಗದಲ್ಲಿ ಎಷ್ಟು ವಿದ್ಯುತ್ತು ಹುಟ್ಟಿದರೂ ನಮ್ಮ ಮನೆಯಲ್ಲಿ ಕತ್ತಲೆಯೇ.

2019ರ ಆಗಸ್ಟ್ ತಿಂಗಳನ್ನು ಯಾರೂ ಮರೆತಿರಲಾರರು. ತುಂಗೆ ಉಕ್ಕಿ ಶಿವಮೊಗ್ಗ ನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಭದ್ರಾವತಿ ಪೇಟೆಯ ನಡುವಿನ ತಗ್ಗಿನ ಸೇತುವೆಯ ಮೇಲೆ ಹೊಳೆ ಹರಿಯುವುದನ್ನು ಅಲ್ಲಿನವರು ನೋಡಿದ್ದಾರೆ. ಅದಾದ ನಾಲ್ಕೇ ವರ್ಷಕ್ಕೆ, ಅಂದರೆ 2023ರಲ್ಲಿ, ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಜಲಾಶಯಗಳು ತುಂಬಲಿಲ್ಲ. ಆ ಅಕ್ಟೋಬರಿನಲ್ಲಿ ವಿದ್ಯುತ್ ಕೊರತೆ ಉಂಟಾಗಿ, ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ಬರುತ್ತಿದ್ದ ಮೂರು ಫೇಸ್ ವಿದ್ಯುತ್ತು 5 ಗಂಟೆಗೆ ಇಳಿಯಿತು.

ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಭಾಗದ ಆಪತ್ತು ಎರಡು ಬಗೆಯದು ಎಂಬುದು ಸ್ಪಷ್ಟವಾಗುತ್ತದೆ. ಮಳೆಗಾಲದ ಆಪತ್ತಿನಲ್ಲಿ ನೀರು ಬೇಕಾದಷ್ಟಿರುತ್ತದೆ, ಬಿಸಿಲು ಇರುವುದಿಲ್ಲ, ದಾರಿ ಕಟ್ಟಾಗಿರುತ್ತದೆ, ಕರೆಂಟು ಪೂರ್ತಿ ಹೋಗಿರುತ್ತದೆ. ಬರಗಾಲದ ಆಪತ್ತಿನಲ್ಲಿ ಬಿಸಿಲು ಬೇಕಾದಷ್ಟಿರುತ್ತದೆ, ನೀರು ಇರುವುದಿಲ್ಲ, ಕರೆಂಟು ಬಂದೂ ಬಾರದ ಹಾಗೆ ಇರುತ್ತದೆ. ಬಿಸಿಲಿನಿಂದ ನಡೆಯುವ ಸಾಧನ ಎರಡಕ್ಕೂ ಒಂದೇ ರೀತಿ ಒದಗಲಾರದು. ಸೌರಶಕ್ತಿಯೋ ಹಳೆಯ ಸಾಧನವೋ ಎಂದು ಕೇಳುವ ಮೊದಲು ಯಾವ ಕಾಲದ ಆಪತ್ತಿಗೆ, ಯಾವ ಕೆಲಸಕ್ಕೆ ಎಂದು ಕೇಳಬೇಕು. ಮೊದಲು ಮಳೆಗಾಲವನ್ನು ನೋಡೋಣ.

ನೀರು: 300 ಲೀಟರಿನ ಲೆಕ್ಕ

ಕರೆಂಟು ಹೋದಾಗ ಮೊದಲು ಕಷ್ಟಕ್ಕೆ ಬರುವುದು ದೀಪವಲ್ಲ, ನೀರು. ಐದು ಜನರ ಒಂದು ಮನೆ, ಎರಡು ಕರೆಯುವ ಹಸು, ಎರಡು ಎತ್ತು ಇವೆ ಎಂದು ಇಟ್ಟುಕೊಳ್ಳಿ. ಕಷ್ಟಕಾಲದಲ್ಲಿ ಕುಡಿಯಲು, ಅಡಿಗೆಗೆ, ಕೈಕಾಲು ತೊಳೆಯಲು ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕು. ಐವರಿಗೆ 75 ಲೀಟರ್ ಆಯಿತು. ಕರೆಯುವ ಹಸು ದಿನಕ್ಕೆ 60ರಿಂದ 80 ಲೀಟರ್ ಕುಡಿಯುತ್ತದೆ. ಎತ್ತಿಗೆ ಸುಮಾರು 40 ಲೀಟರ್ ಬೇಕು. ಎಲ್ಲ ಸೇರಿ ದಿನಕ್ಕೆ ಸುಮಾರು 300 ಲೀಟರ್. ಇದರಲ್ಲಿ ಮುಕ್ಕಾಲು ಪಾಲು ದನಕರುಗಳದು ಎಂಬುದನ್ನು ಗಮನಿಸಿ. ಮನುಷ್ಯರು ಅಕ್ಕಪಕ್ಕದ ಮನೆಯಿಂದ ಒಂದು ಕೊಡ ತಂದು ದಿನ ಕಳೆಯಬಹುದು, ಕೊಟ್ಟಿಗೆ ಹಾಗೆ ಕಾಯುವುದಿಲ್ಲ.

ಈ 300 ಲೀಟರನ್ನು 30 ಅಡಿ ಆಳದ ತೆರೆದ ಬಾವಿಯಿಂದ ಮೇಲೆತ್ತಲು ಬೇಕಾಗುವ ಶಕ್ತಿ 8 ವ್ಯಾಟ್-ಗಂಟೆಗಿಂತಲೂ ಕಡಿಮೆ. ಒಂದು ಮೊಬೈಲ್ ಫೋನಿನ ಬ್ಯಾಟರಿ ತುಂಬಲು ಇದರ ಎರಡರಷ್ಟು ಬೇಕು. 15 ಲೀಟರಿನ ಕೊಡದಲ್ಲಿ 20 ಸಲ ಸೇದಿದರೆ ಕೆಲಸ ಮುಗಿಯಿತು. ರಾಟೆ, ಗಟ್ಟಿ ಹಗ್ಗ ಇದ್ದರೆ ಇಬ್ಬರು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಸೇದಿ ಮುಗಿಸಬಹುದು. ಇಷ್ಟು ಸಣ್ಣ ಕೆಲಸಕ್ಕೆ ಸಾವಿರಾರು ರೂಪಾಯಿಯ ಯಂತ್ರವನ್ನು ಕಾಯುತ್ತ ಕೂರುವುದು ಜಾಣತನವಲ್ಲ.

ಬಾವಿ ಮುಚ್ಚಿಸಿ ಕೊಳವೆ ಬಾವಿ ಒಂದನ್ನೇ ನಂಬಿರುವ ಮನೆಗಳ ಮಾತು ಬೇರೆ. ಆರು ಅಂಗುಲದ ಕೊಳವೆಗೆ ಕೊಡ ಇಳಿಯುವುದಿಲ್ಲ. ನೀರಿನ ಮಟ್ಟ 150 ಅಡಿಯೊಳಗಿದ್ದರೆ ಕೈಪಂಪಿನಿಂದ ಎತ್ತಬಹುದು. ಅದಕ್ಕೂ ಕೆಳಗಿದ್ದರೆ ಕೈಯಿಂದ ಆಗದು. ಅಂಥವರಿಗೆ ಎರಡು ದಾರಿಗಳಿವೆ.

ಒಂದು, ಕರೆಂಟು ಇರುವಾಗಲೇ ನೀರನ್ನು ಎತ್ತಿಟ್ಟುಕೊಳ್ಳುವುದು. 2,000 ಲೀಟರಿನ ತೊಟ್ಟಿ ಮೇಲಿನ ಲೆಕ್ಕದ ಮನೆಗೆ ಆರು ದಿನಕ್ಕಿಂತ ಹೆಚ್ಚು ಬರುತ್ತದೆ. ತೊಟ್ಟಿ ಎಂದರೆ ನೀರನ್ನು ಕೂಡಿಡುವ ಬ್ಯಾಟರಿ ಎಂದೇ ತಿಳಿಯಿರಿ. ಇದು ಸೋರದ ಹಾಗೆ ನೋಡಿಕೊಂಡರೆ ಮೂವತ್ತು ವರ್ಷ ಬಾಳುತ್ತದೆ. ಮಳೆ ಜೋರಾಗುವ ಮುನ್ಸೂಚನೆ ಬಂದ ದಿನ ತೊಟ್ಟಿ ತುಂಬಿಸಿ ಬಿಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು, ಮಾಡಿನ ನೀರು. ನಮ್ಮಲ್ಲಿ ಕರೆಂಟು ಹೋಗುವುದು ಮಳೆ ಬರುವ ದಿನವೇ ಅಲ್ಲವೇ? ಹಾಗಾದರೆ ಆ ಮಳೆಯನ್ನೇ ಹಿಡಿಯಬಾರದೇಕೆ? 1,000 ಚದರ ಅಡಿ ಮಾಡಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ, ಸೋರಿಕೆ ಕಳೆದು ಸುಮಾರು 1,500 ಲೀಟರ್ ನೀರು ಸಿಗುತ್ತದೆ. ಅಂದರೆ ಒಂದೇ ಮಳೆಗೆ ಐದು ದಿನದ ನೀರು. ಮಾಡಿನ ಅಂಚಿಗೆ ಸೀಳಿದ ಅಡಿಕೆ ಮರದ ಅಥವಾ ತಗಡಿನ ದೋಣಿ ಕಟ್ಟಿ, ಕೆಳಗೆ ಡ್ರಮ್ಮು ಇಟ್ಟರೆ ಸಾಕು. ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ನಾಲ್ಕು ಪದರದ ಶುಭ್ರ ಬಟ್ಟೆಯಲ್ಲಿ ಸೋಸಿ ಹಿಡಿಯಿರಿ. ದನಕರು, ಪಾತ್ರೆ, ಸ್ನಾನಕ್ಕೆ ಅದು ಹಾಗೆಯೇ ಆದೀತು. ಕುಡಿಯಲು ಕುದಿಸತಕ್ಕದ್ದು.

ಹೊಳೆಯ ನೀರು ನುಗ್ಗಿದ ಜಾಗದಲ್ಲಿ ಬಾವಿಯ ನೀರನ್ನು ನಂಬಬಾರದು. ನೆರೆ ಇಳಿದ ಮೇಲೆ ಕೆಸರುನೀರನ್ನು ಎತ್ತಿ ಚೆಲ್ಲಿ, ಹೊಸದಾಗಿ ಬಂದ ನೀರಿಗೆ ಬ್ಲೀಚಿಂಗ್ ಪುಡಿ ಹಾಕಬೇಕು. ಒಳ್ಳೆಯ ಪುಡಿಯಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಲೆಕ್ಕ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ರಾತ್ರಿ ಬಾವಿಗೆ ಇಳಿಸಿ ಬೆಳಿಗ್ಗೆ ಸೇದಿ. ಆದರೂ ಕುಡಿಯುವ ನೀರನ್ನು ಕೆಲವು ದಿನ ಕುದಿಸುವುದು ಕ್ಷೇಮ.

ಅಡಿಗೆ: ಬ್ಯಾಟರಿಯ ಕೆಲಸವಲ್ಲ

ವಿದ್ಯುತ್ ಒಲೆಯ ಮೇಲೆ ಒಂದು ಹೊತ್ತಿನ ಅಡಿಗೆಗೆ ಸುಮಾರು ಒಂದು ಯೂನಿಟ್ ಬೇಕು. ಸಾಮಾನ್ಯವಾಗಿ ಮನೆಗಳಲ್ಲಿ ಕಾಣುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ತುಂಬಿದಾಗ 1.8 ಯೂನಿಟ್ ಇರುತ್ತದೆ. ಬ್ಯಾಟರಿ ಬಹಳ ದಿನ ಬಾಳಬೇಕಾದರೆ ಅದರಲ್ಲಿ ಅರ್ಧ ಮಾತ್ರ ತೆಗೆಯಬೇಕು. ಅಂದರೆ ಒಂದೇ ಹೊತ್ತಿನ ಅಡಿಗೆಗೆ ಬ್ಯಾಟರಿ ಮುಗಿಯಿತು. ಆದ್ದರಿಂದ ಆಪತ್ಕಾಲದ ಬೆಂಕಿಯನ್ನು ಬೇರೆಡೆಯೇ ಹುಡುಕಬೇಕು.

ಗ್ಯಾಸ್ ಇರುವವರು ಮೇ ಕೊನೆಯೊಳಗೆ ಒಂದು ತುಂಬಿದ ಸಿಲಿಂಡರನ್ನು ಹೆಚ್ಚಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ನಾಲ್ಕೈದು ದನ ಇರುವವರಿಗೆ ಗೋಬರ್ ಗ್ಯಾಸಿನಷ್ಟು ನಂಬಿಕೆಯ ಸಾಧನ ಇನ್ನೊಂದಿಲ್ಲ. ದಿನಕ್ಕೆ ಸುಮಾರು 50 ಕಿಲೋ ಸಗಣಿ ಹಾಕಿದರೆ 2 ಘನ ಮೀಟರಿನ ಘಟಕ ಆರು ಜನರ ಅಡಿಗೆ ನಡೆಸುತ್ತದೆ. ಇದಕ್ಕೆ ತಂತಿಯೂ ಬೇಡ, ಬಿಸಿಲೂ ಬೇಡ. ಥಂಡಿ ಹೆಚ್ಚಾದಾಗ ಅನಿಲ ಸ್ವಲ್ಪ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಹೊರಬರುವ ಬಗ್ಗಡ ತೋಟಕ್ಕೆ ಗೊಬ್ಬರ. ಹಿಂದೆ ಕಟ್ಟಿಸಿ ಈಗ ಪಾಳು ಬಿಟ್ಟಿರುವ ಘಟಕಗಳು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಹೊಸ ಸಾಧನಕ್ಕೆ ಹಣ ಹಾಕುವ ಮೊದಲು ಅದನ್ನು ದುರಸ್ತಿ ಮಾಡಿಸಲಾದೀತೇ ಎಂದು ನೋಡಿ.

ಸೌದೆಯನ್ನು ನಂಬುವವರು ಐದು ಜನರ ಮನೆಗೆ ವಾರಕ್ಕೆ ಸುಮಾರು ಅರ್ಧ ಕ್ವಿಂಟಾಲ್ ಒಣ ಸೌದೆ ಎಂದು ಲೆಕ್ಕ ಇಟ್ಟುಕೊಳ್ಳಬಹುದು. ಒಣ ಎಂಬ ಮಾತು ಮುಖ್ಯ. ಹಸಿ ಸೌದೆಯ ಬೆಂಕಿಯಲ್ಲಿ ಒಂದು ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಹೊಗೆಯೂ ಹೆಚ್ಚು. ಅಡಿಕೆ ಸಿಪ್ಪೆ, ತೆಂಗಿನ ಕರಟ, ಒಣ ಹಾಳೆ ಇವನ್ನು ಬೇಸಿಗೆಯಲ್ಲೇ ಸೂರಿನಡಿ ಸೇರಿಸಿಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಹಳ್ಳಿಯ ಮನೆಗಳಿಗೆಂದೇ ಒಂದು ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆ ಎಂದೇ ಹೆಸರಾದ ಅದರಲ್ಲಿ ಬೆಂಕಿಯ ಬಿಸಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಾಟಿ, ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಮೂರು ಕಲ್ಲಿನ ಒಲೆಗಿಂತ ಸೌದೆ ಬಹಳ ಉಳಿಯುತ್ತದೆ, ಹೆಣ್ಣುಮಕ್ಕಳ ಕಣ್ಣು, ಎದೆಯೂ ಉಳಿಯುತ್ತದೆ. ಹಳೆಯ ಸಾಧನವೆಂದರೆ ಹಳೆಯ ಕಷ್ಟವನ್ನೇ ಮತ್ತೆ ಹೊರುವುದು ಎಂದಲ್ಲ ಎಂಬುದಕ್ಕೆ ಈ ಒಲೆ ಒಳ್ಳೆಯ ನಿದರ್ಶನ.

ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಹಪ್ಪಳ ಇವು ಬೆಂಕಿ ಇಲ್ಲದೆಯೂ, ಅಥವಾ ಒಂದು ಹಿಡಿ ಬೆಂಕಿಯಲ್ಲೂ ಹೊಟ್ಟೆ ತುಂಬಿಸುತ್ತವೆ. ಮಿಕ್ಸಿ ಬಂದ ಮೇಲೆ ಅಂಗಳಕ್ಕೆ ಹಾಕಿದ ಒರಳುಕಲ್ಲನ್ನು ಒಳಗೆ ತಂದು ಇಡಿ. ಹಾಲಿನ ಗಾಡಿ ಬಾರದ ದಿನ ಹಾಲನ್ನು ಚೆಲ್ಲದೆ ಕಾಯಿಸಿ ಹೆಪ್ಪು ಹಾಕಿ. ಮೊಸರು, ಬೆಣ್ಣೆ, ತುಪ್ಪಕ್ಕೆ ಕರೆಂಟು ಬೇಕಿಲ್ಲ. ಹಾಲು ಕರೆಯುವ ಯಂತ್ರ ಇಟ್ಟವರು ವಾರಕ್ಕೊಮ್ಮೆಯಾದರೂ ಕೈಯಲ್ಲಿ ಕರೆಯಬೇಕು. ಯಂತ್ರಕ್ಕೇ ಒಗ್ಗಿದ ಹಸು ಕರೆಂಟು ಹೋದ ದಿನ ಕೈಗೆ ಸೊರೆ ಬಿಡದಿದ್ದರೆ ಕೆಚ್ಚಲು ಬಾವು ಬರುವ ಭಯವಿದೆ.

ಬೆಳಕು ಮತ್ತು ಸುದ್ದಿ: ಇಲ್ಲಿ ಸೌರಶಕ್ತಿಗೆ ಸಮನಿಲ್ಲ

ಇನ್ನು ಕೈಯಿಂದ ಮಾಡಲಾಗದ ಕೆಲಸಗಳು. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಮಕ್ಕಳು ಓದುವುದು, ರಾತ್ರಿ ಹಸು ಕರು ಹಾಕುವಾಗ ನೋಡಿಕೊಳ್ಳುವುದು, ಹಾವು-ಚೇಳು ಕಾಣುವುದು ಎಲ್ಲವೂ ಕಷ್ಟ. ಹುಲ್ಲಿನ ಬಣವೆಯ ಪಕ್ಕ ಬೆಂಕಿಯ ದೀಪ ಅಪಾಯಕರ. ಸೀಮೆಎಣ್ಣೆ ಸುಲಭವಾಗಿ ಸಿಗುವ ಕಾಲವೂ ಹೋಯಿತು. ಬೆಳಕು, ಫೋನು, ರೇಡಿಯೊ ಈ ಮೂರಕ್ಕೆ ಸಣ್ಣ ಸೌರ ಘಟಕದಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ. ಇದರ ಲೆಕ್ಕ ಹೀಗಿದೆ.

9 ವ್ಯಾಟಿನ ನಾಲ್ಕು ಎಲ್.ಇ.ಡಿ. ದೀಪಗಳು 5 ಗಂಟೆ ಉರಿದರೆ 180 ವ್ಯಾಟ್-ಗಂಟೆ. ಎರಡು ಫೋನುಗಳಿಗೆ 30. ರೇಡಿಯೊಗೆ 20. ಒಟ್ಟು ದಿನಕ್ಕೆ 230 ವ್ಯಾಟ್-ಗಂಟೆ, ಅಂದರೆ ಕಾಲು ಯೂನಿಟ್ಟಿಗೂ ಕಡಿಮೆ. ಮೇಲೆ ಹೇಳಿದ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧ ತೆಗೆದರೆ, ಇನ್ವರ್ಟರಿನ ನಷ್ಟ ಕಳೆದು, ಬಿಸಿಲೇ ಇಲ್ಲದೆ ಮೂರು ದಿನ ನಡೆಯುತ್ತದೆ.

ಇದಕ್ಕೆ 200 ವ್ಯಾಟಿನ ಒಂದು ಫಲಕ ಸೇರಿಸಿ ನೋಡಿ. ಬೇಸಿಗೆಯ ದಿನ ಅದರಿಂದ 750 ವ್ಯಾಟ್-ಗಂಟೆಯ ಆಸುಪಾಸು ಬರುತ್ತದೆ. ಜುಲೈ ತಿಂಗಳ ಮೋಡ-ಬಿಸಿಲಿನ ದಿನ ಸುಮಾರು 500. ಕಪ್ಪು ಮೋಡ ಕವಿದು ಹಗಲಿಡೀ ಮಳೆ ಸುರಿದ ದಿನ 140ರಷ್ಟೇ ಬರಬಹುದು. ಬಿಸಿಲು ಸೊನ್ನೆಯಾಗುವುದಿಲ್ಲ, ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ 140 ಮತ್ತು ಬ್ಯಾಟರಿಯಲ್ಲಿ ಕೂಡಿಟ್ಟದ್ದು ಸೇರಿ ದೀಪಗಳು ಒಂದು ವಾರ ಉರಿಯುತ್ತವೆ. ಒಂದು ವಾರ ಬೆಳಕಿದ್ದರೆ ನಮ್ಮ ಭಾಗದ ಬಹುತೇಕ ಮಳೆಗಾಲದ ಕಷ್ಟ ದಾಟಿದಂತೆ.

ರೇಡಿಯೊವನ್ನು ಏಕೆ ಸೇರಿಸಿದಿರಿ ಎಂದು ಕೆಲವರು ಕೇಳಬಹುದು. ಕರೆಂಟು ಬಹಳ ಹೊತ್ತು ಹೋದರೆ ಮೊಬೈಲ್ ಗೋಪುರವೂ ಮೂಕವಾಗುತ್ತದೆ. ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿ ನಿಮಗೆ ತಲುಪಲು ಬ್ಯಾಟರಿ ರೇಡಿಯೊ ಬೇಕು. 1965ರಿಂದ ನಮ್ಮ ನಡುವೆ ಇರುವ ಆಕಾಶವಾಣಿ ಭದ್ರಾವತಿ ಕೇಂದ್ರವನ್ನು ಮರೆಯಬೇಡಿ.

ಇದೇ ಬ್ಯಾಟರಿಗೆ ಪಂಪು ಜೋಡಿಸಬಹುದೇ? 5 ಅಶ್ವಶಕ್ತಿಯ ಪಂಪು ಸುಮಾರು 4.5 ಕಿಲೋವ್ಯಾಟ್ ಎಳೆಯುತ್ತದೆ. ಬ್ಯಾಟರಿಯಲ್ಲಿ ತೆಗೆಯಬಹುದಾದ್ದು 0.9 ಯೂನಿಟ್. ಭಾಗಿಸಿದರೆ 12 ನಿಮಿಷ! ಅದೂ ಅಷ್ಟು ಭಾರ ಹೊರುವ ಇನ್ವರ್ಟರ್ ಇದ್ದರೆ. ಆದ್ದರಿಂದ ದೀಪದ ಬ್ಯಾಟರಿಗೆ ಪಂಪು, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇವನ್ನು ಹಚ್ಚಕೂಡದು.

ಮಾಡಿನ ಮೇಲಿನ ದೊಡ್ಡ ಘಟಕ: ಒಂದು ತಪ್ಪು ತಿಳುವಳಿಕೆ

ಈ ಲೇಖನ ಬರೆಯಲು ಮುಖ್ಯ ಕಾರಣವಾದ ಸಂಗತಿ ಇದು. ಭದ್ರಾವತಿ ತಾಲ್ಲೂಕಿನ ಪರಿಚಿತ ಬೇಸಾಯಗಾರರೊಬ್ಬರು ಮಾಡಿನ ಮೇಲೆ 3 ಕಿಲೋವ್ಯಾಟಿನ ಸೌರ ಘಟಕ ಹಾಕಿಸಿದ್ದರು. ಬಿಲ್ಲು ಸೊನ್ನೆಗೆ ಇಳಿದಿತ್ತು, ಸಂತೋಷವಾಗಿದ್ದರು. ಒಂದು ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಊರಿಗೆ ಕರೆಂಟು ಇರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಎರಡು ಗಂಟೆ ಹೊತ್ತು ಒಳ್ಳೆಯ ಬಿಸಿಲೇ ಬಂತು. ಫಲಕಗಳು ಮಿರುಗುತ್ತಿದ್ದವು. ಮನೆಯೊಳಗೆ ಒಂದು ದೀಪವೂ ಹತ್ತಲಿಲ್ಲ. ಕೊಳವೆ ಬಾವಿ ಮೋಟಾರು ಓಡಲಿಲ್ಲ. ಕೊಟ್ಟಿಗೆಯಲ್ಲಿ ಹಸುಗಳು ನೀರಿಗೆ ಕೂಗುತ್ತಿದ್ದವು. "ಘಟಕ ಕೆಟ್ಟಿದೆ ಸಾರ್, ಮೋಸ ಹೋದೆ" ಎಂದು ನನಗೆ ಫೋನು ಮಾಡಿದರು.

ಘಟಕ ಕೆಟ್ಟಿರಲಿಲ್ಲ. ಬ್ಯಾಟರಿ ಇಲ್ಲದೆ ವಿದ್ಯುತ್ ಜಾಲಕ್ಕೆ ನೇರವಾಗಿ ಜೋಡಿಸಿದ ಘಟಕಗಳು ಕರೆಂಟು ಹೋದ ಕೂಡಲೇ ತಾವೂ ನಿಲ್ಲುತ್ತವೆ. ಹಾಗೆ ನಿಲ್ಲುವಂತೆಯೇ ಅವನ್ನು ಮಾಡಿರುತ್ತಾರೆ. ಕಾರಣ ಬಹಳ ಸರಳ. ಲೈನ್‌ಮನ್ ಕಂಬ ಹತ್ತಿ ತಂತಿ ಸರಿಪಡಿಸುತ್ತಿರುವಾಗ ನಿಮ್ಮ ಮಾಡಿನ ವಿದ್ಯುತ್ತು ಹಿಂದಕ್ಕೆ ಹರಿದರೆ ಆತನ ಪ್ರಾಣ ಹೋದೀತು. ಹಾಗಾಗಿ ಇದು ದೋಷವಲ್ಲ, ರಕ್ಷಣೆ. ಆದರೆ ಹಾಕಿಸಿಕೊಳ್ಳುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಲಾಯಿತು. ಬಿಲ್ಲು ಇಳಿಸಲು ಅದು ಒಳ್ಳೆಯ ಯೋಜನೆ. ಬಿಲ್ಲು ಇಳಿಸುವುದೇ ಬೇರೆ, ಆಪತ್ತಿಗೆ ಒದಗುವುದೇ ಬೇರೆ. ಆಪತ್ತಿಗೂ ಒದಗಬೇಕಾದರೆ ಬ್ಯಾಟರಿ ಮತ್ತು ಅದಕ್ಕೆ ಹೊಂದುವ ಹೈಬ್ರಿಡ್ ಇನ್ವರ್ಟರ್ ಬೇಕು, ಅದಕ್ಕೆ ಖರ್ಚು ಬೇರೆ. ಹಾಕಿಸುವ ಮೊದಲು ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: "ಊರಿನ ಕರೆಂಟು ಹೋದಾಗ ನಮ್ಮ ಮನೆಯಲ್ಲಿ ಯಾವ ಯಾವ ದೀಪ ಹತ್ತುತ್ತದೆ, ಎಷ್ಟು ಹೊತ್ತು?" ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಆ ಬೇಸಾಯಗಾರರ ಹಿತ್ತಲಲ್ಲಿ ಹಲಗೆ ಮುಚ್ಚಿದ ಹಳೆಯ ಬಾವಿ ಇತ್ತು. ಅವರ ತಾಯಿಯೇ ಅದನ್ನು ನೆನಪು ಮಾಡಿಕೊಟ್ಟರು. ಹಲಗೆ ತೆಗೆದು ನೋಡಿದರೆ ನೀರು ಕೈಗೆಟಕುವ ಹಾಗಿತ್ತು. ರಾಟೆ ತುಕ್ಕು ಹಿಡಿದಿತ್ತು, ಹಗ್ಗವನ್ನು ಕರು ಕಟ್ಟಲು ತೆಗೆದುಕೊಂಡು ಹೋಗಿದ್ದರು. ಪಕ್ಕದ ಮನೆಯ ಹಗ್ಗ ತಂದು ಅಂದು ಸಂಜೆ ದನಗಳಿಗೆ ನೀರು ಕುಡಿಸಿದರು. ಈಗ ಅಲ್ಲಿ ಹೊಸ ರಾಟೆ ಇದೆ, ಮಾಡಿನ ಮೇಲೆ ಫಲಕಗಳೂ ಇವೆ. ಎರಡಕ್ಕೂ ಅವರವರ ಕೆಲಸ ಇದೆ.

ಬರಗಾಲದಲ್ಲಿ ಸೂರ್ಯನೇ ಆಸರೆ

ಈಗ ಎರಡನೆಯ ಬಗೆಯ ಆಪತ್ತಿಗೆ ಬರೋಣ. ಮಾರ್ಚಿಯಿಂದ ಮೇವರೆಗೆ ಬಿಸಿಲಿಗೆ ಕೊರತೆಯಿಲ್ಲ. ಬೆಳೆಗೆ ನೀರು ಹೆಚ್ಚು ಬೇಕಾಗುವುದೂ ಆಗಲೇ. ಬಿಸಿಲು ಇದ್ದಾಗ ನೀರೆತ್ತಿ, ನೀರನ್ನೇ ಕೂಡಿಡುವ ಸೌರ ಪಂಪಿಗೆ ಬ್ಯಾಟರಿ ಬೇಡ. ಆದ್ದರಿಂದ ಅದರ ನಿರ್ವಹಣೆ ಸುಲಭ. ಈ ಪಂಪುಗಳಿಗೆ 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯ ನೆರವು ಗೊತ್ತುಮಾಡಲಾಗಿತ್ತು. ಈಗಿನ ನಿಯಮಗಳನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಆದರೆ ಇಲ್ಲಿಯೂ ಮೊದಲು ಬೇಡಿಕೆಯನ್ನು ಇಳಿಸಿ ಆಮೇಲೆ ಪಂಪಿನ ಮಾತಾಡಬೇಕು. ಒಂದು ಎಕರೆ ಅಡಿಕೆ ತೋಟದಲ್ಲಿ ಸುಮಾರು 550 ಮರಗಳಿರುತ್ತವೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದರೆ 11,000 ಲೀಟರ್. 200 ಅಡಿಯಿಂದ ಇದನ್ನು ಎತ್ತಲು, ಪಂಪಿನ ನಷ್ಟ ಸೇರಿ, ಸುಮಾರು 4.5 ಯೂನಿಟ್ ಬೇಕು. ಅಂದರೆ 5 ಅಶ್ವಶಕ್ತಿಯ ಪಂಪಿಗೆ ಸುಮಾರು ಒಂದು ಗಂಟೆಯ ಕೆಲಸ. ಕಾಲುವೆ ಹರಿಸಿದಂತೆ ನೀರು ಬಿಡುವ ತೋಟಕ್ಕೆ 5 ಗಂಟೆಯ ಕರೆಂಟೂ ಸಾಲದು. ಹನಿ ಕೊಳವೆ ಹಾಕಿ, ಬುಡಕ್ಕೆ ಸೋಗೆ, ಸೊಪ್ಪು, ಸಿಪ್ಪೆ ದಪ್ಪವಾಗಿ ಮುಚ್ಚಿದ ತೋಟಕ್ಕೆ ಅದೇ 5 ಗಂಟೆ ಧಾರಾಳ. ಬುಡದ ಹೊದಿಕೆ ದುಡ್ಡಿಲ್ಲದ ಸಾಧನ. ಸೂರ್ಯ ಹೀರುವ ನೀರನ್ನು ಅದು ಮಣ್ಣಿನಲ್ಲಿಯೇ ಉಳಿಸುತ್ತದೆ.

ಇನ್ನೊಂದು ಎಚ್ಚರಿಕೆ. ಸೌರ ಪಂಪಿಗೆ ಬಿಲ್ಲಿಲ್ಲ, ಸಮಯದ ಮಿತಿಯಿಲ್ಲ ಎಂದು ದಿನವಿಡೀ ಓಡಿಸಿದರೆ ಕೊಳವೆ ಬಾವಿಯೇ ಬತ್ತೀತು. ಬಿಸಿಲು ಪುಕ್ಕಟೆ, ಅಂತರ್ಜಲ ಪುಕ್ಕಟೆಯಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಿಡದ ಬೇಸಿಗೆಯಲ್ಲಿ ಸೌರ ಪಂಪನ್ನು ನಂಬಿ ಭತ್ತ ನಾಟಿ ಮಾಡುವುದು ಸರಿಯಾದ ಕ್ರಮವಲ್ಲ.

ಹಗ್ಗವೂ ಕೊಳೆಯುತ್ತದೆ, ಬ್ಯಾಟರಿಯೂ ಒಣಗುತ್ತದೆ

ಹಳೆಯ ಸಾಧನ ಎಂದೂ ಕೆಡುವುದಿಲ್ಲ ಎಂಬುದು ಒಂದು ಭ್ರಮೆ. ಹೊಸ ಸಾಧನ ತಾನೇ ನೋಡಿಕೊಳ್ಳುತ್ತದೆ ಎಂಬುದು ಇನ್ನೊಂದು ಭ್ರಮೆ. ಬಳಸದ ಹಗ್ಗ, ಸೇದದ ಬಾವಿ, ತುಂಬದ ಬ್ಯಾಟರಿ ಮೂರೂ ಒಂದೇ. ಪ್ರತಿ ವರ್ಷ ಏಪ್ರಿಲ್-ಮೇ ತಿಂಗಳಲ್ಲಿ ಕೆಳಗಿನ ಕೆಲಸಗಳನ್ನು ತಪ್ಪದೆ ಮಾಡಿ.

1. ಬಾವಿಯ ಹೂಳು ತೆಗೆಸಿ, ಕಟ್ಟೆ ಭದ್ರಪಡಿಸಿ, ರಾಟೆಗೆ ಎಣ್ಣೆ ಹಾಕಿ. ಹೊಸ ಹಗ್ಗ ಒಂದನ್ನು ಹೆಚ್ಚಿಗೆ ಇಡಿ. ಮಕ್ಕಳು ಬೀಳದ ಹಾಗೆ ಜಾಲರಿ ಮುಚ್ಚಿ.

2. ತೊಟ್ಟಿ ತೊಳೆದು, ಮಾಡಿನ ದೋಣಿಗಳ ಕಸ ತೆಗೆಯಿರಿ.

3. ಒಂದು ತಿಂಗಳಿಗೆ ಸಾಲುವಷ್ಟು ಸೌದೆಯನ್ನು ಸೂರಿನಡಿ, ನೆಲದಿಂದ ಒಂದಡಿ ಎತ್ತರದಲ್ಲಿ ಒಟ್ಟಿ.

4. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಿ. ನಲ್ಲಿ ನೀರು, ಬಾವಿ ನೀರು ಹಾಕಕೂಡದು. ಬ್ಯಾಟರಿ ಇಟ್ಟ ಜಾಗಕ್ಕೆ ಗಾಳಿ ಆಡುತ್ತಿರಬೇಕು, ಹತ್ತಿರ ಬೆಂಕಿ ಒಯ್ಯಬಾರದು.

5. ಫಲಕದ ಧೂಳು ತೊಳೆದು, ಮೊಳೆ-ಬೋಲ್ಟು ಬಿಗಿ ಮಾಡಿಸಿ. ಮರದ ನೆರಳು ಬೀಳುವ ಕೊಂಬೆ ಸವರಿ. ಸಿಡಿಲಿನ ರಕ್ಷಣೆಗೆ ಅರ್ಥಿಂಗ್ ಸರಿಯಿದೆಯೇ ಎಂದು ತಿಳಿದವರಿಂದ ಪರೀಕ್ಷಿಸಿ.

6. ಹೊಳೆ ನುಗ್ಗುವ ತಗ್ಗಿನಲ್ಲಿ ಮನೆ ಇರುವವರು ಇನ್ವರ್ಟರ್, ಬ್ಯಾಟರಿ, ಬೀಜ, ಕಾಗದಪತ್ರಗಳನ್ನು ಅಟ್ಟಕ್ಕೆ ಏರಿಸಿ. ಹಗಲು ಹೊತ್ತಿನಲ್ಲಿ ಫಲಕದ ತಂತಿಯಲ್ಲಿ ಯಾವಾಗಲೂ ವಿದ್ಯುತ್ತು ಇರುತ್ತದೆ. ಮನೆಯ ಮೇನ್ ಸ್ವಿಚ್ ತೆಗೆದರೂ ಅದು ಸಾಯುವುದಿಲ್ಲ. ನೀರಿನಲ್ಲಿ ನಿಂತು ಅದನ್ನು ಮುಟ್ಟಬೇಡಿ.

7. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಕೈಯಿಂದ ಒತ್ತುವ ಹಳೆಯ ಗಟಾರ್ ಪಂಪು ಇದ್ದರೆ ವಾಷರ್ ಬದಲಿಸಿ ಸಿದ್ಧವಿಡಿ. ಕರೆಂಟಿಲ್ಲ, ಪೆಟ್ರೋಲಿಲ್ಲ ಎಂದು ಕೊಳೆರೋಗ ಕಾಯುವುದಿಲ್ಲ.

8. ತಂತಿ ಹರಿದು ಬಿದ್ದರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಿ. ಜನರೇಟರ್ ಇದ್ದವರು ಅದನ್ನು ಮನೆಯೊಳಗಾಗಲಿ ಮುಚ್ಚಿದ ಕೋಣೆಯಲ್ಲಾಗಲಿ ಓಡಿಸಬೇಡಿ. ಅದರ ಹೊಗೆ ವಾಸನೆ ತೋರದೆಯೇ ಪ್ರಾಣ ತೆಗೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಒಂದಿದೆ. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮನೆಯ ಮೇನ್ ಸ್ವಿಚ್ಚನ್ನು ನೀವೇ ತೆಗೆದು, ಮರುದಿನ ಬೆಳಿಗ್ಗೆಯವರೆಗೆ ಹಾಗೆಯೇ ಇರಿ. ನೀರು, ಅಡಿಗೆ, ಹಾಲು, ರಾತ್ರಿಯ ಬೆಳಕು ಹೇಗೆ ನಡೆಯಿತು ಎಂದು ಮನೆಯವರೆಲ್ಲ ಕೂತು ಮಾತಾಡಿ. ಏನು ಕೊರತೆಯಾಯಿತೋ ಅದನ್ನೇ ಮೊದಲು ಕೊಳ್ಳಿ. ಅಂಗಡಿಯವರ ಮಾತಿಗಿಂತ ಆ ಒಂದು ದಿನದ ಅನುಭವ ಹೆಚ್ಚು ನಂಬಿಕೆಯದು.

ನಿಮ್ಮ ಮನೆಗೆ ಯಾವುದು?

ಶಿವಮೊಗ್ಗ ನಗರದ ಅಂಚಿನಲ್ಲಿದ್ದು ಬಾವಿ ಇಲ್ಲದ ಮನೆಯವರು ಮೊದಲು ತೊಟ್ಟಿ ಮತ್ತು ಮಾಡಿನ ನೀರಿಗೆ ಹಣ ಹಾಕಿ, ಆಮೇಲೆ ದೀಪಕ್ಕೆ ಸಣ್ಣ ಸೌರ ಘಟಕ ಮಾಡಿಸಿಕೊಳ್ಳಿ. ಭದ್ರಾವತಿಯ ನಾಲೆ ಬದಿಯಲ್ಲಿ ತೆರೆದ ಬಾವಿ, ದನಕರು ಇರುವವರು ರಾಟೆ, ಗೋಬರ್ ಗ್ಯಾಸು, ನಾಲ್ಕು ದೀಪದ ಘಟಕ ಇಷ್ಟರಲ್ಲಿ ವಾರ ಕಳೆಯಬಹುದು. ಆಳವಾದ ಕೊಳವೆ ಬಾವಿಯನ್ನೇ ನಂಬಿದ ತೋಟದವರು ತೊಟ್ಟಿ, ಹನಿ ನೀರಾವರಿ, ಬುಡದ ಹೊದಿಕೆ ಮುಗಿಸಿದ ಮೇಲೆ ಸೌರ ಪಂಪಿನ ವಿಚಾರ ಮಾಡಿ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ನಮ್ಮ ಕಾಡಿನ ಸೌದೆಯ ಇದ್ದಿಲಿನಿಂದ. ಜೋಗದ ವಿದ್ಯುತ್ತು ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು. ಅಷ್ಟು ದೊಡ್ಡ ಕಾರ್ಖಾನೆಯೂ ಕೈಗೆ ಸಿಗುವ ಶಕ್ತಿ ಯಾವುದು, ಮಾಡಬೇಕಾದ ಕೆಲಸ ಯಾವುದು ಎಂದು ನೋಡಿಯೇ ಹೊರಟಿತು. ನಮ್ಮ ಮನೆಗಳಿಗೂ ಅದೇ ಲೆಕ್ಕ. ಕೈಯಿಂದ ಆಗುವುದನ್ನು ಕೈಗೆ ಬಿಡಿ, ಕೈಯಿಂದ ಆಗದ್ದನ್ನು ಮಾತ್ರ ಸೂರ್ಯನಿಗೆ ಒಪ್ಪಿಸಿ. ಈ ಮುಂಗಾರಿಗೆ ಮೊದಲು, ಇವತ್ತೇ ಎದ್ದು ಹೋಗಿ ನಿಮ್ಮ ಬಾವಿಯ ಹಗ್ಗವನ್ನು ಒಮ್ಮೆ ಎಳೆದು ನೋಡಿ.